ಸೈಕಲ್ಲಿಗೆಂದು ಮುಚ್ಚಿದ ರಸ್ತೆಯಲ್ಲಿ ಎಲ್ಲ ಸೈಕಲ್ಲಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಬೆಳಗ್ಗೆ ಶಿವಮೊಗ್ಗ ನಗರದ ಕೆಲವು ಮುಖ್ಯ ರಸ್ತೆಗಳಲ್ಲಿ ಮೋಟಾರು ವಾಹನಗಳನ್ನು ತಡೆದು ನಡೆಸಿದ ಸೈಕಲ್ ಜಾಥಾದಲ್ಲಿ ನಾನೂ ಪಾಲ್ಗೊಂಡಿದ್ದೆ. ಉದ್ಘಾಟನೆ, ಟೀ ಶರ್ಟ್ ವಿತರಣೆ, ಗಣ್ಯರ ಭಾಷಣಗಳ ವಿವರ ಈಗಾಗಲೇ ಎಲ್ಲರಿಗೂ ತಲುಪಿದೆ. ಆದರೆ ಎರಡು ಮೂರು ಗಂಟೆಗಳ ಕಾಲ ರಸ್ತೆ ಮುಚ್ಚಿದ್ದರಿಂದ ಊರಿಗೆ ಏನು ಸಿಕ್ಕಿತು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮೀರ್ ಅಹಮದ್ ವೃತ್ತದಿಂದ ಗೋಪಿ ವೃತ್ತದವರೆಗಿನ ನೆಹರೂ ರಸ್ತೆಯಲ್ಲಿ ಉಳಿದ ದಿನಗಳಲ್ಲಿ ಸೈಕಲ್ ಓಡಿಸುವುದೆಂದರೆ ಏನೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನಿಲ್ಲಿಸಿದ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೆ, ಹಿಂದಿನಿಂದ ಬರುವ ಆಟೊ ಯಾವ ಕಡೆಯಿಂದ ನುಗ್ಗುತ್ತದೆ ಎಂಬ ಎಣಿಕೆಯಲ್ಲೇ ದಾರಿ ಮುಗಿಯುತ್ತದೆ. ಅಂದು ಅದೇ ರಸ್ತೆಯಲ್ಲಿ ಹೈಸ್ಕೂಲ್ ಹುಡುಗಿಯರು ನಾಲ್ಕೈದು ಸೈಕಲ್ಲುಗಳನ್ನು ಸಾಲಾಗಿ ಹಿಡಿದು ಮಾತಾಡಿಕೊಂಡು ಹೋಗುತ್ತಿದ್ದರು. ಕ್ಯಾರಿಯರಿನ ಹಳೆಯ ಕರಿ ಸೈಕಲ್ ತಂದ ಹಿರಿಯರೂ, ಗೇರ್ ಸೈಕಲ್ಲಿನ ತರುಣರೂ ಮೊದಲ ವೃತ್ತ ದಾಟುವಷ್ಟರಲ್ಲಿ, ಯಾರೂ ಹೇಳಿಕೊಡದೆಯೇ, ನಿಧಾನದವರು ಎಡಕ್ಕೆ, ವೇಗದವರು ಬಲಕ್ಕೆ ಎಂಬ ಕ್ರಮಕ್ಕೆ ಬಂದಿದ್ದರು. ಸವಳಂಗ ರಸ್ತೆಯ ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಅರ್ಧದಷ್ಟು ಜನ ಇಳಿದು ತಳ್ಳಿದೆವು. ಹಿಂದಿನಿಂದ ಹಾರ್ನ್ ಮಾಡುವವರಿಲ್ಲವೆಂದು ಗೊತ್ತಿದ್ದರೆ ಇಳಿದು ತಳ್ಳಲು ಯಾರಿಗೂ ಸಂಕೋಚವಾಗುವುದಿಲ್ಲ. ತೊಂದರೆಯಾದದ್ದು ಬ್ಯಾರಿಕೇಡುಗಳ ಬಳಿ ಮಾತ್ರ. ಒಂದೇ ಸೈಕಲ್ ನುಸುಳುವಷ್ಟು ಸಂದು ಬಿಟ್ಟಿದ್ದರಿಂದ ಮುಂದಿನವರು ಥಟ್ಟನೆ ಬ್ರೇಕ್ ಹಿಡಿದಾಗಲೆಲ್ಲ ಹಿಂದಿನ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವಂತಾಗುತ್ತಿತ್ತು. ಇದಲ್ಲದೆ ಅಡ್ಡರಸ್ತೆಗಳ ಬಾಯಿಗೆ ಯಾರನ್ನೂ ನಿಲ್ಲಿಸಿರಲಿಲ್ಲವಾಗಿ ಅಲ್ಲಿಂದ ಸ್ಕೂಟರುಗಳು ನಿರಾತಂಕವಾಗಿ ಒಳಬರುತ್ತಿದ್ದವು.

ನನಗೆ ಸರಿಕಾಣದ ಸಂಗತಿ ಬೇರೆಯೇ ಇದೆ. ದುರ್ಗಿಗುಡಿಯ ಹತ್ತಿರ, ದಿನವೂ ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಒಬ್ಬರನ್ನು ಕಾರ್ಯಕರ್ತರು ತಡೆದು, ಎದೆಯ ಮೇಲೆ ನೋಂದಣಿ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಹಿಂದಕ್ಕೆ ಕಳುಹಿಸಿದರು. ಅದೇ ಹೊತ್ತಿಗೆ ಜಾಥಾದ ಮುಂದೆ ವಿಡಿಯೊ ತೆಗೆಯುವವರ ಬೈಕುಗಳು ಹೊಗೆ ಬಿಡುತ್ತ ಸಾಗುತ್ತಿದ್ದವು. ವರ್ಷವಿಡೀ ಸೈಕಲ್ ತುಳಿಯುವವನನ್ನು ಹೊರಗಿಟ್ಟು, ವರ್ಷಕ್ಕೊಮ್ಮೆ ತುಳಿಯುವ ನಮ್ಮಂಥವರಿಗೆ ದಾರಿ ತೆರವು ಮಾಡಿಕೊಡುವುದು ಯಾವ ಬಗೆಯ ಸೈಕಲ್ ಪ್ರಚಾರವೋ ನಾನರಿಯೆ.

ಇದಕ್ಕೆ ಪರಿಹಾರ ಜಾಥಾವನ್ನು ಕೈಬಿಟ್ಟು ರಸ್ತೆಯನ್ನಷ್ಟೇ ತೆರವು ಮಾಡುವುದು. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1974ರಲ್ಲಿ ಆರಂಭವಾದ ಇಂಥ ಏರ್ಪಾಡು ಇಂದಿಗೂ ನಡೆಯುತ್ತಿದ್ದು, ಪ್ರತಿ ಭಾನುವಾರ ಮತ್ತು ರಜಾದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೊಮೀಟರಿಗೂ ಹೆಚ್ಚು ಉದ್ದದ ರಸ್ತೆಗಳನ್ನು ಸೈಕಲ್ಲಿನವರಿಗೆ, ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ಅಲ್ಲಿ ನೋಂದಣಿಯೂ ಇಲ್ಲ, ಶುಲ್ಕವೂ ಇಲ್ಲ. ಸೈಕಲ್ ಇದ್ದವರು ಬರುತ್ತಾರೆ, ಇಷ್ಟವಾದಷ್ಟು ದೂರ ಹೋಗಿ ಮನೆಗೆ ಮರಳುತ್ತಾರೆ. ನಮ್ಮ ದೇಶದಲ್ಲಿಯೂ ಗುರುಗ್ರಾಮದಲ್ಲಿ 2013ರಲ್ಲಿ ಇದೇ ಮಾದರಿಯ ರಾಹಗಿರಿ ದಿನ ಶುರುವಾಗಿತ್ತು. ಬೊಗೋಟಾದಷ್ಟು ಉದ್ದ ನಮಗೆ ಬೇಕಿಲ್ಲ. ತಿಂಗಳಿಗೊಂದು ಭಾನುವಾರ, ಬೆಳಗ್ಗೆ 6ರಿಂದ 9ರವರೆಗೆ, ನೆಹರೂ ರಸ್ತೆ, ದುರ್ಗಿಗುಡಿ, ಜೈಲ್ ರಸ್ತೆ, ವಿನೋಬನಗರದ ನೂರಡಿ ರಸ್ತೆ ಇಷ್ಟಾದರೆ ಸಾಕು. ಬಿ.ಎಚ್. ರಸ್ತೆಯನ್ನೂ ಸಾಗರ ರಸ್ತೆಯನ್ನೂ ಮುಟ್ಟುವುದು ಬೇಡ. ಒಂದರಲ್ಲಿ ದೂರದೂರುಗಳ ಬಸ್ಸು ಲಾರಿಗಳು ಓಡಾಡುತ್ತವೆ, ಇನ್ನೊಂದರಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಮುಚ್ಚಿದ ರಸ್ತೆಯಲ್ಲೂ ಆಂಬ್ಯುಲೆನ್ಸ್ ಬಂದರೆ ಬ್ಯಾರಿಕೇಡ್ ಸರಿಸಲು ಪ್ರತಿ ವೃತ್ತದಲ್ಲಿ ಒಬ್ಬರು ಇರಬೇಕು. ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ಮಾತು ಬರಬಹುದಾದರೂ, ಈ ರಸ್ತೆಗಳ ಬಹುತೇಕ ಅಂಗಡಿಗಳು ಬಾಗಿಲು ತೆರೆಯುವುದೇ ಆಮೇಲೆ.

ಕಾನೂನಿನ ತೊಡಕೂ ಇಲ್ಲ. ಮೋಟಾರು ವಾಹನ ಕಾಯ್ದೆ, 1988ರ 115ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ನಿರ್ದಿಷ್ಟ ರಸ್ತೆಗಳಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಇದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವ ಅಗತ್ಯವೂ ಇಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರಾಯಿತು. ಗಣಪತಿ ವಿಸರ್ಜನೆಗೆ, ದಸರಾ ಮೆರವಣಿಗೆಗೆ, ಮಾರಿಕಾಂಬಾ ಜಾತ್ರೆಗೆ ಸಂಚಾರ ಬದಲಿಸಿ ಅಭ್ಯಾಸವಿರುವ ನಮ್ಮ ಪೊಲೀಸರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಋತುವನ್ನು ನೋಡಿಕೊಂಡು ದಿನ ಗೊತ್ತುಮಾಡಬೇಕು. ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಸಾರಿದೆ, ಸರಿ; ಆದರೆ ಮಲೆನಾಡಿನಲ್ಲಿ ಜೂನ್ ಎಂದರೆ ಕೊಡೆ ಹುಡುಕುವ ತಿಂಗಳು. ಅಕ್ಟೋಬರಿನಿಂದ ಮೇವರೆಗೆ ನಡೆಸಿ, ಮಳೆಗಾಲದಲ್ಲಿ ನಿಲ್ಲಿಸುವುದು ವಾಸಿ.

ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಆಗ ಹಣಕಾಸು ಖಾತೆ ಇದ್ದದ್ದು ನಮ್ಮದೇ ಜಿಲ್ಲೆಯ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರ ಬಳಿ. ಹೈಸ್ಕೂಲ್ ಶಿಕ್ಷಕನಾಗಿದ್ದ ನಾನು ಆ ಸೈಕಲ್ಲುಗಳು ಶಾಲೆಯ ಅಂಗಳ ತುಂಬಿದ್ದನ್ನು ಕಂಡಿದ್ದೇನೆ. ಪೇಟೆಯ ಎಷ್ಟೋ ತಂದೆತಾಯಿಗಳು ವಾಹನಗಳ ಭಯಕ್ಕೆ ಅವನ್ನು ಮನೆಯ ಗೋಡೆಗೆ ಒರಗಿಸಿಟ್ಟದ್ದನ್ನೂ ಬಲ್ಲೆ. ಸೈಕಲ್ ಕೊಟ್ಟವರು ರಸ್ತೆಯ ಬಗ್ಗೆ ಯೋಚಿಸಿರಲಿಲ್ಲ.

ಆದ್ದರಿಂದ ಜಿಲ್ಲಾಡಳಿತ, ಮಹಾನಗರ ಪಾಲಿಕೆ ಮತ್ತು ಸಂಚಾರ ಪೊಲೀಸರು ಕೂಡಿ ಮುಂದಿನ ಅಕ್ಟೋಬರಿನಿಂದಲೇ ಇದನ್ನು ಪ್ರಾಯೋಗಿಕವಾಗಿ ಆರಂಭಿಸಲಿ. ಟೀ ಶರ್ಟಿಗೆ ಖರ್ಚಾಗುವ ಹಣವನ್ನು ಅಡ್ಡರಸ್ತೆಗಳಲ್ಲಿ ನಿಲ್ಲುವವರ ಗೌರವಧನಕ್ಕೂ, ವೃತ್ತಗಳಲ್ಲಿ ಪಂಕ್ಚರ್ ಹಾಕುವವರನ್ನು ಕೂರಿಸುವುದಕ್ಕೂ ಬಳಸಲಿ. ಯಾವ ರಸ್ತೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬುದನ್ನು ಹಿಂದಿನ ದಿನವಾದ ಶನಿವಾರದ ಸಂಚಿಕೆಯಲ್ಲಿ ತಮ್ಮ ಪತ್ರಿಕೆ ಪ್ರಕಟಿಸಿ ಸಹಕರಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ
ವಿನೋಬನಗರ, ಶಿವಮೊಗ್ಗ