ತಲಾಖ್‌ನಾಮಾದ ಝೆರಾಕ್ಸ್ ನೋಡಿ ಕುಟುಂಬ ಪಿಂಚಣಿ ತಡೆಯಬೇಡಿ

ಹಣಕಾಸು ಇಲಾಖೆಯ ಕಾರ್ಯದರ್ಶಿಯವರಿಗೆ,

ಮಾನ್ಯರೇ,

ಸರ್ಕಾರಿ ನೌಕರನಾಗಿದ್ದ ಗಂಡ ಸತ್ತ ಮುಸ್ಲಿಂ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ, ಧರ್ಮ ವಿಧಿಸಿದ ಕಾಯುವ ಅವಧಿಯಾದ ಇದ್ದತ್‌ನಲ್ಲಿ ಮನೆಯೊಳಗಿರುತ್ತಾಳೆ. ಆಕೆ ಕಚೇರಿಗೆ ಬರುವಷ್ಟರಲ್ಲಿ ಗಂಡನ ಕಡೆಯವರು ಕೊಟ್ಟ, ತಲಾಖ್ ಆಗಿದೆ ಎಂಬ ಕಾಗದವಾದ ತಲಾಖ್‌ನಾಮಾದ ಝೆರಾಕ್ಸ್ ಕಡತ ಸೇರಿರುತ್ತದೆ. ಸೇವಾ ವಹಿಯಲ್ಲಿ ಪತ್ನಿಯೆಂದು ಆಕೆಯ ಹೆಸರಿದ್ದರೂ ಸಿಗುವುದು "ನ್ಯಾಯಾಲಯದ ಆದೇಶ ಹಾಜರುಪಡಿಸಿ" ಎಂಬ ಒಂದು ಸಾಲಿನ ಹಿಂಬರಹ. ವರ್ಷಗಳಿಂದ ಇದೇ ನಡೆದಿದೆ.

ಅಂಥದೊಂದು ಕಾಗದ ಹೀಗಿತ್ತು: ಬಿಳಿ ಹಾಳೆ, "ಮೂರು ಸಲ ತಲಾಖ್ ಹೇಳಿದ್ದೇನೆ" ಎಂಬ ಸಾಲು, ಕೆಳಗೆ ಸಹಿ, 2020ರ ತಾರೀಖು. ಹೆಂಡತಿಗೆ ತಲುಪಿಸಿದ ರಸೀದಿಯೇ ಇಲ್ಲ. 2019ರ ಮುಸ್ಲಿಂ ಮಹಿಳೆಯರ (ವಿವಾಹ ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಕಲಂ ಪ್ರಕಾರ ಇಂಥ ತಲಾಖ್ ಅನೂರ್ಜಿತ. ಕೊಟ್ಟ ಗಂಡನಿಗೆ ಮೂರು ವರ್ಷದವರೆಗೆ ಜೈಲು. ಅಪರಾಧವೆಂದು ಕಾನೂನು ಹೇಳಿದ ಕೃತ್ಯದ ಕಾಗದವನ್ನೇ ನಂಬಿ ವಿಧವೆಯ ಅನ್ನ ಕಿತ್ತುಕೊಂಡರಲ್ಲ, ಇದನ್ನು ಯಾರಿಗೆ ಹೇಳಬೇಕು?

ಒಂದೇ ಉಸಿರಿನ ತಲಾಖ್ ಅಲ್ಲದಿದ್ದರೂ ಕಾಗದವೊಂದೇ ಸಾಲದು. ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ತಕ್ಕ ಕಾರಣವಿರಬೇಕು, ಎರಡೂ ಕಡೆಯ ಮಧ್ಯಸ್ಥರು ಮೊದಲು ರಾಜಿಗೆ ಯತ್ನಿಸಿರಬೇಕು, ತಲಾಖ್ ಹೇಳಿದ್ದು ಸಾಬೀತಾಗಬೇಕು. ಖಾಜಿಯ ಮೊಹರು ಕೋರ್ಟಿನ ಡಿಕ್ರಿಯಲ್ಲ, 1880ರ ಖಾಜಿಗಳ ಕಾಯ್ದೆ ಅವರಿಗೆ ನ್ಯಾಯಾಧೀಶರ ಅಧಿಕಾರ ಕೊಟ್ಟಿಲ್ಲ.

ತಾರೀಖಿನ ಲೆಕ್ಕವೂ ತಪ್ಪುತ್ತಿದೆ. ಹಿಂತೆಗೆದುಕೊಳ್ಳಬಹುದಾದ ತಲಾಖ್‌ನಲ್ಲಿ ತಲಾಖ್ ನಂತರ ಕಾಯಬೇಕಾದ ಇದ್ದತ್ ಮುಗಿಯುವವರೆಗೆ ಮದುವೆ ಉಳಿದಿರುತ್ತದೆ. ಮುಟ್ಟು ನಿಂತ ಹೆಂಗಸಿಗೆ ಆ ಅವಧಿ ಮೂರು ಚಾಂದ್ರಮಾನ ತಿಂಗಳು. ಅಷ್ಟರೊಳಗೆ ಗಂಡ ಸತ್ತರೆ ಆಕೆ ವಿಧವೆ, ವಿಚ್ಛೇದಿತೆಯಲ್ಲ. ಹಾಳೆಯ ಮೇಲಿನ ತಾರೀಖನ್ನೇ ವಿಚ್ಛೇದನದ ದಿನವೆಂದು ಷರಾ ಬರೆಯುವ ವಿಷಯ ನಿರ್ವಾಹಕರಿಗೆ ಇದನ್ನು ಯಾರಾದರೂ ತಿಳಿಸಬೇಕಲ್ಲವೇ?

ಉತ್ತರಾಧಿಕಾರ ಪ್ರಮಾಣಪತ್ರ ಕೇಳುವುದನ್ನೂ ನಿಲ್ಲಿಸಿ. ಕುಟುಂಬ ಪಿಂಚಣಿ ಸತ್ತವನ ಆಸ್ತಿಯಲ್ಲ.

ನಿಮಗೆ ಈ ನಿಯಮಗಳು ಗೊತ್ತಿವೆ. ಹಾಗಿದ್ದರೆ ಸುತ್ತೋಲೆ ಹೊರಡಿಸಿ: ತಲಾಖ್‌ನಾಮಾದ ಝೆರಾಕ್ಸ್ ನೋಡಿ ಪಿಂಚಣಿ ತಡೆಯಬಾರದು. ತಲಾಖ್ ಆಗಿದೆ ಎನ್ನುವವರೇ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ಸಾಬೀತುಮಾಡಲಿ, ವೈವಾಹಿಕ ಸ್ಥಾನಮಾನ ಘೋಷಿಸುವ ಅಧಿಕಾರ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನಡಿ ಅದಕ್ಕಿದೆ. ವಿಧವೆಯನ್ನು ಅಲೆಸಬೇಡಿ. ನಿರಾಕರಿಸುವುದಾದರೆ ಕಾರಣ ಬರೆದು ಸಹಿ ಹಾಕಿದ ಆದೇಶ ಕೊಡಿ. ಝೆರಾಕ್ಸ್ ನಂಬಿ ಈಗಾಗಲೇ ತಡೆದ ಕಡತಗಳನ್ನು ತೆರೆಸಿ, ಗಂಡ ತೀರಿಕೊಂಡ ಮರುದಿನದಿಂದಲೇ ಬಾಕಿ ಲೆಕ್ಕ ಹಾಕಿಸಿ ಕೊಡಿ.

ಇಂತಿ,
ನೊಂದ ನಾಗರಿಕ