ಕೂದಲು ಉದುರುತ್ತದೆ ಎಂದು ನಾಯಿಯನ್ನು ಬೀದಿಗೆ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಕೋಡಿಬಾಗದ ರಸ್ತೆ ಬದಿಯಲ್ಲಿ ಒಂದು ಬಿಳಿ ನಾಯಿ ಕೂತಿತ್ತು. ನಾವೆಲ್ಲ ಪಾಮೇರಿಯನ್ ಎಂದು ಕರೆಯುವ ಸ್ಪಿಟ್ಜ್ ಜಾತಿ. ಕೊರಳಲ್ಲಿ ಬೆಲ್ಟ್ ಕಟ್ಟಿದ ಗುರುತಿದೆ, ಬೆಲ್ಟ್ ಇಲ್ಲ. ಬೆನ್ನ ಮೇಲೆ ಮೆಷಿನ್ ಓಡಿಸಿ ಬೋಳಿಸಿದ್ದಾರೆ. ಕೂದಲು ಒಂದು ಕಡೆ ಬಂದಿದೆ, ಇನ್ನೊಂದು ಕಡೆ ಬಂದೇ ಇಲ್ಲ. ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ನಾಲ್ಕು ವರ್ಷದ ಹಿಂದೆ ಇದೇ ತಪ್ಪನ್ನು ನಾನೂ ಮಾಡಿದ್ದೆ.

ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಮ್ಮ ಬೆಳ್ಳಿಯೂ ಸ್ಪಿಟ್ಜ್, ಹಾಲಿನಂಥ ಬಿಳಿ. ಅವಳ ಕೂದಲು ಮೆಷಿನ್ನಿನ ಮೇಲೆ, ದಾರದ ಡಬ್ಬಿಯಲ್ಲಿ, ಹೊಲಿದಿಟ್ಟ ಬಟ್ಟೆಗಳ ಮೇಲೆ. ಒಮ್ಮೆ ಒಬ್ಬರು ಮದುವೆಯ ಕಪ್ಪು ರೇಷ್ಮೆ ಬ್ಲೌಸ್ ವಾಪಸ್ ತಂದು ಮೇಜಿನ ಮೇಲೆ ಹರಡಿದರು. ಒಂದೊಂದೇ ಕೂದಲು ಹೆಕ್ಕಿ ತೋರಿಸಿದರು. ನನಗೆ ಅಳು ಬಂತು. ಏಪ್ರಿಲ್ ತಿಂಗಳು, ಸೆಖೆ ಬೇರೆ. ಬೋಳಿಸಿದರೆ ನಾಯಿಗೂ ತಂಪು, ನಿಮಗೂ ನೆಮ್ಮದಿ ಎಂದು ಯಾರೋ ಹೇಳಿದರು. ಒಂದು ಕಡೆ ಕರೆದುಕೊಂಡು ಹೋಗಿ ಚರ್ಮ ಕಾಣುವ ಹಾಗೆ ತೆಗೆಸಿಬಿಟ್ಟೆ.

ಒಂದು ವಾರದಲ್ಲಿ ಬಿಸಿಲಿಗೆ ಬೆನ್ನು ಕೆಂಪಾಯಿತು. ಮಳೆಗಾಲ ಬಂದಾಗ ಬೆಳ್ಳಿ ನಡುಗುತ್ತಾ ಹೊಲಿಗೆ ಮೆಷಿನ್ನಿನ ಕೆಳಗೆ ಮಲಗುತ್ತಿದ್ದಳು. ಸೊಂಟದ ಮೇಲಿನ ಕೂದಲು ತುಂಬಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು. ಅಷ್ಟು ಮಾಡಿ ಕೂದಲು ಉದುರುವುದು ನಿಂತಿತಾ? ಇಲ್ಲ. ಮೊದಲು ಉದ್ದ ಕೂದಲು ಬೀಳುತ್ತಿತ್ತು, ಕೈಯಲ್ಲಿ ಹೆಕ್ಕಬಹುದಿತ್ತು. ಈಗ ಚಿಕ್ಕ ಚಿಕ್ಕ ಕೂದಲು ಸೂಜಿಯ ಹಾಗೆ ಬಟ್ಟೆಯೊಳಗೆ ಚುಚ್ಚಿಕೊಂಡಿತು. ಅದನ್ನು ತೆಗೆಯುವುದು ಇನ್ನೂ ಕಷ್ಟ.

ಆಮೇಲೆ ಪಶು ವೈದ್ಯರು ಕೂರಿಸಿ ವಿವರಿಸಿದರು. ಅವರು ಹೇಳಿದ್ದು ನನ್ನ ಕಸುಬಿನ ಮಾತಲ್ಲೇ ನನಗೆ ಅರ್ಥವಾಯಿತು. ಇಂಥ ನಾಯಿಗಳದ್ದು ಅಸ್ತರು ಹಾಕಿದ ಕೋಟು. ಮೇಲೆ ಉದ್ದನೆಯ ಗಟ್ಟಿ ಕೂದಲು, ಅದು ನೀರು ಬಿಸಿಲು ತಡೆಯುತ್ತದೆ. ಒಳಗೆ ಹತ್ತಿಯಂಥ ಮೆತ್ತನೆಯ ಅಸ್ತರು. ಅದು ಚಳಿಯನ್ನೂ ತಡೆಯುತ್ತದೆ, ಸುಡುವ ಬಿಸಿ ಚರ್ಮಕ್ಕೆ ತಾಗದ ಹಾಗೂ ನೋಡಿಕೊಳ್ಳುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಹಾಗಾಗಿ ಬೋಳಿಸಿದರೆ ನಮಗಾಗುವ ತಂಪು ಅದಕ್ಕೆ ಆಗುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಈಗ ಎಲ್ಲರೂ ಆಸೆಪಟ್ಟು ತರುವ ಹಸ್ಕಿ, ಎಲ್ಲಕ್ಕೂ ಇಂಥದ್ದೇ ಕೋಟು.

ಹಳೆ ಕೂದಲು ಉದುರಿ ಹೊಸದು ಬರಲೇಬೇಕು. ಅದಕ್ಕೆ ಮುಖ್ಯ ಗಡಿಯಾರ ಹಗಲಿನ ಉದ್ದ. ಚಳಿ ದೇಶಗಳಲ್ಲಿ ಹಗಲು ತುಂಬಾ ಹೆಚ್ಚು ಕಡಿಮೆ ಆಗುವುದರಿಂದ ವರ್ಷಕ್ಕೆ ಎರಡು ಸಲ ಜೋರಾಗಿ ಉದುರುತ್ತದೆ. ನಮ್ಮ ಕಾರವಾರದಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂಮುಕ್ಕಾಲು ಗಂಟೆಯಷ್ಟೇ ವ್ಯತ್ಯಾಸ. ಅದರ ಮೇಲೆ ಮನೆಯೊಳಗೆ ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟು. ಹಾಗಾಗಿ ವರ್ಷವಿಡೀ ಅಷ್ಟಷ್ಟು ಉದುರುತ್ತಲೇ ಇರುತ್ತದೆ. ಬೆಳ್ಳಿಗಂತೂ ಶಿವರಾತ್ರಿ ಕಳೆದ ಮೇಲೆ ಒಮ್ಮೆ, ನವರಾತ್ರಿಯ ಹೊತ್ತಿಗೆ ಒಮ್ಮೆ ಜಾಸ್ತಿ. ಹೆಣ್ಣು ನಾಯಿಗೆ ಬೆದೆ ಕಳೆದ ಮೇಲೆ, ಮರಿ ಹಾಕಿದ ಮೇಲೂ ಕೂದಲು ಉದುರುವುದುಂಟು.

ಇದನ್ನು ನಿಲ್ಲಿಸುವ ಔಷಧಿ ಇಲ್ಲ. ಬಾಚಣಿಗೆ ಇದೆ. ನಾನು ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಹತ್ತು ನಿಮಿಷ ಹಿತ್ತಲಲ್ಲಿ ಬಾಚುತ್ತೇನೆ. ಹಲ್ಲು ಅಗಲವಿರುವ ಸ್ಟೀಲ್ ಬಾಚಣಿಗೆ. ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಒಂದು ಕೈಯಲ್ಲಿ ಕೂದಲು ಎತ್ತಿ ಹಿಡಿದು, ಬುಡದಿಂದ ಸ್ವಲ್ಪ ಸ್ವಲ್ಪವೇ ಬಾಚಬೇಕು. ಕಿವಿಯ ಹಿಂದೆ, ತೊಡೆಯ ಹಿಂದೆ ಗಂಟು ಕಟ್ಟುತ್ತದೆ, ಅಲ್ಲಿ ಬೆರಳಿನಿಂದ ಬಿಡಿಸಿ. ಸ್ನಾನಕ್ಕೆ ಮೊದಲೇ ಬಾಚಿ. ಒದ್ದೆಯಾದ ಗಂಟು ಬಿಗಿಯುತ್ತದೆ. ಉದುರುವ ಕೂದಲು ಬಾಚಣಿಗೆಗೆ ಬಂದರೆ ಬಟ್ಟೆಗೆ ಬರುವುದಿಲ್ಲ, ಅಷ್ಟೇ ಗುಟ್ಟು. ಬಾಚಿದ ಕೂದಲು ನಮ್ಮ ತೆಂಗಿನ ಬುಡಕ್ಕೆ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಕಷ್ಟ ಇರುವುದು ಜೂನ್‌ನಿಂದ. ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ಅಸ್ತರು ಒದ್ದೆಯೇ ಇರುತ್ತದೆ. ಅಲ್ಲಿ ಚರ್ಮ ಕೆಂಪಾಗಿ, ವಾಸನೆ ಬಂದು, ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಸುಮ್ನೆ ಸುಮ್ನೆ ಸ್ನಾನ ಮಾಡಿಸಬೇಡಿ. ಮಾಡಿಸಿದರೆ ಬುಡದವರೆಗೆ ಒಣಗಿಸಿ. ನಾವು ಹಚ್ಚಿಕೊಳ್ಳುವ ಸೋಪು, ಶಾಂಪೂ ಅದರ ಚರ್ಮಕ್ಕೆ ಹೊಂದುವುದಿಲ್ಲ. ರಕ್ತ ಹೀರುವ ಉಣ್ಣಿ ಹುಳ ಹೋಗಲಿ ಎಂದು ಫಿನಾಯಿಲ್, ಸೀಮೆಎಣ್ಣೆ ಹಚ್ಚುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ಹೊಟ್ಟೆಗೂ ವಿಷ. ದಯವಿಟ್ಟು ಬೇಡ.

ಊಟದ ಮಾತನ್ನೂ ಹೇಳಬೇಕು. ಕೂದಲು ಬೆಳೆಯುವುದು ಪ್ರೋಟೀನಿನಿಂದ. ಶಿರಸಿಯಲ್ಲಿರುವ ನನ್ನ ಗೆಳತಿಯ ಮನೆಯ ನಾಯಿಗೆ ಮೂರು ಹೊತ್ತೂ ಮಜ್ಜಿಗೆ ಅನ್ನ. ಕೂದಲು ಒಣ ಹುಲ್ಲಿನ ಹಾಗಿತ್ತು. ಅವರ ಮನೆಯೊಳಗೆ ಮೊಟ್ಟೆ ತರುವ ಹಾಗಿಲ್ಲ. ಅಂಗಡಿಯಲ್ಲಿ ಸಿಗುವ ನಾಯಿಯ ಆಹಾರ ಶುರುಮಾಡಿದರು. ಕೆಲವು ತಿಂಗಳಲ್ಲಿ ಕೂದಲಿಗೆ ಹೊಳಪು ಬಂತು. ನಮಗೆ ಕಡಲು ಪಕ್ಕದಲ್ಲೇ ಇದೆ. ಬೆಳ್ಳಿಗೆ ವಾರಕ್ಕೆ ಎರಡು ಸಲ ತಾರ್ಲೆ ಮೀನು ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಹಾಕದೆ ಅನ್ನದ ಜೊತೆ ಕೊಡುತ್ತೇನೆ. ಮೀನಿನ ಎಣ್ಣೆಯಂಶ ಚರ್ಮಕ್ಕೆ ಒಳ್ಳೆಯದು ಎಂದು ಡಾಕ್ಟರೂ ಹೇಳಿದರು.

ಎಲ್ಲ ಉದುರುವಿಕೆಯೂ ಸಹಜವಲ್ಲ, ಇದು ಮುಖ್ಯ. ಎಲ್ಲ ಕಡೆ ಒಂದೇ ಸಮ ಉದುರಿ, ಕೆಳಗೆ ಚರ್ಮ ಚೆನ್ನಾಗಿದ್ದರೆ ಭಯವಿಲ್ಲ. ದುಂಡಗೆ ಬೋಳಾದರೆ ಹುಳುಕಡ್ಡಿ ಇರಬಹುದು. ಕಿವಿಯ ಅಂಚಿನಲ್ಲಿ ಹೊಪ್ಪಳೆ ಕಟ್ಟಿ ರಾತ್ರಿ ಹಗಲು ಕೆರೆದುಕೊಂಡರೆ ಕಜ್ಜಿ ಇರಬಹುದು. ಇವೆರಡೂ ಮನುಷ್ಯರಿಗೂ ಅಂಟಬಹುದು. ತುರಿಕೆ ಇಲ್ಲದೆ ಎರಡೂ ಪಕ್ಕೆಯ ಕೂದಲು ಒಂದೇ ಥರ ತೆಳುವಾಗಿ, ನಾಯಿ ದಪ್ಪವಾಗಿ, ಸದಾ ಮಂಕಾಗಿ ಮಲಗಿದರೆ ಥೈರಾಯ್ಡ್ ತೊಂದರೆ ಇರಬಹುದು, ಅದಕ್ಕೆ ರಕ್ತ ಪರೀಕ್ಷೆ ಬೇಕು. ಇವಕ್ಕೆಲ್ಲ ಚಿಕಿತ್ಸೆ ಇದೆ. ಇಂಥ ಲಕ್ಷಣ ಕಂಡರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಕ್ಕದ ಮನೆಯವರು ಹೇಳಿದ ಎಣ್ಣೆ ಹಚ್ಚುತ್ತಾ ಕೂರಬೇಡಿ.

ಮರಿ ಮಾರುವವರಲ್ಲಿ ನನ್ನದೊಂದು ಕೋರಿಕೆ. ಕೂದಲಿನ ವಿಷಯವನ್ನು ಮೊದಲೇ ಹೇಳಿ. ಉಂಡೆಯಂಥ ಮರಿ ನೋಡಿ ಮಕ್ಕಳು ಹಟ ಮಾಡುತ್ತವೆ, ಅಪ್ಪ ಅಮ್ಮ ತಂದುಬಿಡುತ್ತಾರೆ. ಎಂಟು ತಿಂಗಳು ಕಳೆಯುವಾಗ ಮನೆ ತುಂಬ ಕೂದಲು, ದಿನಾ ಜಗಳ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ನಾಯಿ ತರುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಬೇಕು, ತಂದ ಮೇಲಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಮಾತ್ರ 10ರಿಂದ 50 ರೂಪಾಯಿ. ಅದು ಹೆಚ್ಚಾಗಲೇಬೇಕು.

ಆ ಬಿಳಿ ನಾಯಿ ಈಗ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಮಲಗುತ್ತದೆ. ಡಾಕ್ಟರು ನೋಡಿದ್ದಾರೆ, ರೋಗ ಏನೂ ಇಲ್ಲ. ಸ್ಕೂಟರ್ ಸದ್ದು ಕೇಳಿದರೆ ಎದ್ದು ರಸ್ತೆಯವರೆಗೆ ಓಡುತ್ತದೆ, ನೋಡಿ ವಾಪಸ್ ಬರುತ್ತದೆ. ಅದರ ಮನೆಯವರು ಈ ಪತ್ರ ಓದಿದರೆ ದಯವಿಟ್ಟು ಬನ್ನಿ. ನಾನು ಯಾರನ್ನೂ ಬೈಯುವುದಿಲ್ಲ. ಬಾಚುವುದು ಹೇಗೆಂದು ತೋರಿಸಿಕೊಡುತ್ತೇನೆ, ಬಾಚಣಿಗೆಯನ್ನೂ ನಾನೇ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಕೋಡಿಬಾಗ, ಕಾರವಾರ