ಮಗಳಿಗೊಂದು ಪತ್ರ: ಹುಡುಕುವವರ ಕಣ್ಣಿಗೆ ನೀನು ಬೀಳಬೇಕು

ಪ್ರೀತಿಯ ಪುಟ್ಟಿ,

ಅಷ್ಟೊಂದು ಕಡೆ ಅರ್ಜಿ ಹಾಕಿದರೂ ಯಾರೂ ಕರೆಯುತ್ತಿಲ್ಲ ಅಂತ ಬೇಸರ ಮಾಡಿಕೊಂಡಿದ್ದೆಯಲ್ಲ, ಅದಕ್ಕೇ ಕೆಲಸದ ಸೈಟ್ ಲಿಂಕ್ಡ್‌ಇನ್‌ನಲ್ಲಿರುವ ನಿನ್ನ ಪ್ರೊಫೈಲನ್ನು ಮೇಲಿಂದ ಕೆಳಗಿನವರೆಗೂ ಓದಿದೆ. ನಿನ್ನ ಕೆಲಸದಲ್ಲಿ ಏನೂ ಕೊರತೆಯಿಲ್ಲ ಮಗಳೇ. ಎರಡೂವರೆ ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ನೀನು ಮಾಡಿದ್ದು ಅಲ್ಲಿ ಕಾಣುತ್ತಲೇ ಇಲ್ಲ.

ಕೆಲಸಕ್ಕೆ ಜನ ಹುಡುಕುವವರು ಮೊದಲಿಗೇ ಯಾರ ಪ್ರೊಫೈಲನ್ನೂ ತೆರೆದು ಓದುವುದಿಲ್ಲ. ನಾಲ್ಕು ಪದ ಹಾಕಿ ಹುಡುಕುತ್ತಾರೆ, ಒಂದು ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಮುಖ್ಯವಾಗಿ ಕಾಣುವುದು ನಿನ್ನ ಫೋಟೊ, ಹೆಸರು, ಅದರ ಕೆಳಗಿನ ಹೆಡ್‌ಲೈನ್ ಮತ್ತು ನೀನಿರುವ ಊರು. ಅವರು ಹಾಕುವ ಪದ ನಿನ್ನ ಪ್ರೊಫೈಲ್‌ನಲ್ಲಿ ಇಲ್ಲದಿದ್ದರೆ ಪಟ್ಟಿಗೆ ಬರುವುದೇ ಕಷ್ಟ. ಪದ ಇದ್ದು ಹೆಡ್‌ಲೈನ್ ಸಪ್ಪೆಯಾಗಿದ್ದರೆ ಪಟ್ಟಿಯಲ್ಲಿದ್ದೂ ಯಾರೂ ಒತ್ತುವುದಿಲ್ಲ.

ತಿದ್ದಲು ಕೂರುವ ಮುಂಚೆ ಎರಡು ಕೆಲಸ ಮುಗಿಸು. ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೊಫೈಲ್ ಬದಲಾವಣೆಗಳನ್ನು ನೆಟ್‌ವರ್ಕ್‌ಗೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿಬಿಡು. ಇಲ್ಲದಿದ್ದರೆ ಹಳೆಯ ಕೆಲಸದ ತಾರೀಕು ತಿದ್ದಿದ್ದಕ್ಕೂ ಹೊಸ ಕೆಲಸ ಸಿಕ್ಕಿತೆಂದು ಅಭಿನಂದನೆಗಳು ಬರಬಹುದು. ಎರಡನೆಯದು ಇಮೇಲ್. ನಿನ್ನ ಖಾತೆ ಇನ್ನೂ ಕಾಲೇಜಿನ ವಿಳಾಸದಲ್ಲೇ ಇದೆ. ಆ ವಿಳಾಸ ಯಾವತ್ತು ಮುಚ್ಚುತ್ತದೋ ಗೊತ್ತಿಲ್ಲ. ಮುಚ್ಚಿದ ಮೇಲೆ ಪಾಸ್‌ವರ್ಡ್ ಮರೆತರೆ ಒಳಗೆ ಹೋಗುವುದು ದೊಡ್ಡ ಪಾಡು. ಸ್ವಂತ ಇಮೇಲನ್ನು ಸೇರಿಸಿ ಅದನ್ನೇ ಮುಖ್ಯ ವಿಳಾಸ ಮಾಡು, ಎರಡು ಹಂತದ ಪರಿಶೀಲನೆಯನ್ನೂ ಹಾಕಿಕೋ. ಖಾತೆ ಕಳೆದುಕೊಂಡವರು ಹೊಸದು ತೆರೆಯುತ್ತಾರೆ, ಆಮೇಲೆ ಒಂದೇ ಹೆಸರಿನ ಎರಡು ಪ್ರೊಫೈಲ್ ಇದ್ದು ನೋಡುವವರಿಗೆ ಗೊಂದಲ.

ಈಗ ಹೆಡ್‌ಲೈನ್. ಹೆಚ್ಚು ಹೊತ್ತು ಇದಕ್ಕೇ ಕೊಡು. ನೀನು ಮುಟ್ಟದೇ ಬಿಟ್ಟಿರುವುದರಿಂದ ಹುದ್ದೆ ಮತ್ತು ಕಂಪನಿಯ ಹೆಸರನ್ನು ಸೈಟೇ ತುಂಬಿಕೊಂಡಿದೆ. 'ಅಸೋಸಿಯೇಟ್ ಎಂಜಿನಿಯರ್' ಎಂಬ ಪದ ಹಾಕಿ ಟೆಸ್ಟರ್‌ಗಳನ್ನು ಯಾರು ಹುಡುಕುತ್ತಾರೆ? ಅಲ್ಲಿ 220 ಅಕ್ಷರಗಳವರೆಗೆ ಜಾಗವಿದೆ, ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಆದರೆ ಮೊಬೈಲ್‌ನಲ್ಲಿ ಪೂರ್ತಿ ಕಾಣುವುದಿಲ್ಲ, ಹಾಗಾಗಿ ಮುಖ್ಯವಾದದ್ದೆಲ್ಲ ಮೊದಲ ಐವತ್ತು ಅರವತ್ತು ಅಕ್ಷರಗಳೊಳಗೆ ಬರಬೇಕು. ಹೀಗೆ ಬರೆದು ನೋಡು: 'ಸಾಫ್ಟ್‌ವೇರ್ ಟೆಸ್ಟರ್ | ಆಟೊಮೇಷನ್, ಎಪಿಐ ಟೆಸ್ಟಿಂಗ್ | ಸೆಲೆನಿಯಂ, ಪೋಸ್ಟ್‌ಮನ್ | ಪಾವತಿ ಆ್ಯಪ್‌ಗಳು'. ಕೆಲಸ ಯಾವುದು, ಯಾವ ಬಗೆ, ಯಾವ ಸಲಕರಣೆ, ಯಾವ ಕ್ಷೇತ್ರ, ನಾಲ್ಕೂ ಬಂತು. 'ಉತ್ಸಾಹಿ', 'ಕಠಿಣ ಪರಿಶ್ರಮಿ' ಎಂಬ ಪದಗಳನ್ನು ಯಾರೂ ಹುಡುಕುವುದಿಲ್ಲ, ಅವನ್ನು ತೆಗೆದುಬಿಡು.

ನಿನ್ನ ಕೆಲಸಕ್ಕೆ ಹೆಸರು ಒಂದೇ ಅಲ್ಲ ಎನ್ನುವುದನ್ನೂ ನೆನಪಿಡು. ಒಬ್ಬರು ಟೆಸ್ಟರ್ ಎನ್ನುತ್ತಾರೆ, ಇನ್ನೊಬ್ಬರು ಕ್ಯೂಎ, ಮತ್ತೊಬ್ಬರು ಕ್ವಾಲಿಟಿ ಅಶೂರೆನ್ಸ್. ಮೂರನ್ನೂ ಹೆಡ್‌ಲೈನ್‌ಗೆ ತುರುಕಬೇಡ. ಒಂದು ಅಲ್ಲಿರಲಿ, ಉಳಿದವು ಪರಿಚಯದಲ್ಲೋ ಅನುಭವದಲ್ಲೋ ಸಹಜವಾಗಿ ಬರಲಿ. ಯಾವ ಪದ ಚಾಲ್ತಿಯಲ್ಲಿದೆ ಅಂತ ತಿಳಿಯಲು ನಿನಗೆ ಇಷ್ಟವಾದ ಹತ್ತು ಕೆಲಸದ ಜಾಹೀರಾತು ತೆರೆದುಕೋ. ಆರೇಳರಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಹಾಳೆಯ ಮೇಲೆ ಬರೆ. ಅವುಗಳಲ್ಲಿ ನಿನಗೆ ನಿಜವಾಗಿ ಬರುವಂಥವು ಮಾತ್ರ ಪ್ರೊಫೈಲ್‌ಗೆ ಹೋಗಲಿ. ಬರದೇ ಇರುವುದನ್ನು ಹಾಕಿದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ.

ಅನುಭವದ ಭಾಗದಲ್ಲಿ ನೀನು ಬರೆದಿರುವುದು ಒಂದೇ ಸಾಲು: 'ಟೆಸ್ಟಿಂಗ್ ಜವಾಬ್ದಾರಿ ನಿರ್ವಹಿಸುತ್ತಿದ್ದೇನೆ.' ಇದನ್ನು ಓದಿದವರಿಗೆ ಏನು ತಿಳಿಯಿತು? ಏನು ಮಾಡಿದೆ, ಯಾವುದರಿಂದ ಮಾಡಿದೆ, ಮಾಡಿದ್ದರಿಂದ ಏನಾಯಿತು, ಈ ಮೂರು ಇರಬೇಕು. ಮಾದರಿಗೆ: 'ಪಾವತಿ ಆ್ಯಪ್‌ನ 140 ರಿಗ್ರೆಷನ್ ಟೆಸ್ಟ್‌ಗಳನ್ನು (ಹಳೆಯದು ಕೆಟ್ಟಿಲ್ಲವೇ ಎಂದು ನೋಡುವ ಮರುಪರೀಕ್ಷೆ) ಸೆಲೆನಿಯಂಗೆ ತಂದೆ, ಪ್ರತಿ ರಿಲೀಸ್‌ಗೆ ಮೂರು ದಿನ ಹಿಡಿಯುತ್ತಿದ್ದ ಕೆಲಸ ಈಗ ಆರು ಗಂಟೆಯಲ್ಲಿ ಮುಗಿಯುತ್ತದೆ.' ಸಂಖ್ಯೆ ನಿನ್ನದೇ ಇರಲಿ, ಅಂದಾಜಾದರೆ 'ಸುಮಾರು' ಎಂದು ಬರೆ. ಸಂಖ್ಯೆ ಇಲ್ಲದ ಕಡೆ ವ್ಯತ್ಯಾಸ ಹೇಳು: ಮೊದಲು ಬಿಡುಗಡೆಯಾದ ಮೇಲೆ ಸಿಗುತ್ತಿದ್ದ ದೋಷ ಈಗ ಮುಂಚೆಯೇ ಸಿಗುತ್ತಿದೆ ಎನ್ನುವುದೂ ಒಳ್ಳೆಯ ಸಾಲೇ. ಇತ್ತೀಚಿನ ಕೆಲಸಕ್ಕೆ ಇಂಥ ನಾಲ್ಕೈದು ಸಾಲು, ಮೊದಲಿನ ಇಂಟರ್ನ್‌ಶಿಪ್‌ಗೆ ಎರಡು ಸಾಕು. ಗ್ರಾಹಕರ ಹೆಸರು, ಒಳಗಿನ ಪ್ರಾಜೆಕ್ಟ್‌ನ ಹೆಸರು ಬರೆಯಬೇಡ; ಗೋಪ್ಯತೆಯ ಕರಾರಿಗೆ ನೀನು ಸಹಿ ಹಾಕಿದ್ದೀಯ. ಕಂಪನಿಯ ಹೆಸರು ಟೈಪ್ ಮಾಡುವಾಗ ಕೆಳಗೆ ಇಳಿಯುವ ಪಟ್ಟಿಯಿಂದ ಆರಿಸಿಕೋ, ಆಗ ಲಾಂಛನ ತಾನಾಗಿ ಬರುತ್ತದೆ. ಬಡ್ತಿ ಸಿಕ್ಕಿದ್ದನ್ನು ಹಳೆಯ ಹುದ್ದೆಯ ಮೇಲೇ ಅಳಿಸಿ ಬರೆದಿದ್ದೀಯ. ಅದೇ ಕಂಪನಿಯಡಿ ಹೊಸ ಹುದ್ದೆಯಾಗಿ ಸೇರಿಸು. ಎರಡೂ ಒಂದರ ಮೇಲೊಂದು ಕಂಡರೆ ನೀನು ಬೆಳೆದದ್ದು ಓದುವವರಿಗೆ ತಾನೇ ತಿಳಿಯುತ್ತದೆ.

ಪರಿಚಯದ ಭಾಗಕ್ಕೆ 2,600 ಅಕ್ಷರಗಳ ಮಿತಿ ಇದೆ, ಅಷ್ಟೂ ಬೇಕಿಲ್ಲ. ತೆರೆದ ತಕ್ಷಣ ಕಾಣುವುದು ಮೊದಲ ಮೂರ್ನಾಲ್ಕು ಸಾಲು ಮಾತ್ರ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ಬಾಲ್ಯದ ಕನಸಿನಿಂದ ಶುರುಮಾಡದೆ ಈಗ ಮಾಡುವ ಕೆಲಸದಿಂದ ಶುರುಮಾಡು. 'ನಾನು' ಎಂದೇ ಬರೆ. ನಿನ್ನ ಬಗ್ಗೆ ನೀನೇ 'ಇವರು' ಎಂದು ಬರೆದರೆ ಓದುವವರಿಗೆ ಬೇರೆ ಯಾರೋ ಮಾತಾಡಿದಂತಿರುತ್ತದೆ. ಕೊನೆಯಲ್ಲಿ ಎಂಥ ಕೆಲಸ ಬೇಕು ಎಂದು ಒಂದು ಸಾಲು.

ಸ್ಕಿಲ್ಸ್ ಪಟ್ಟಿಗೆ ನೂರರವರೆಗೆ ಸೇರಿಸಬಹುದು. ಹದಿನೈದು ಇಪ್ಪತ್ತು ಸಾಕು ಅಂತ ನನ್ನ ಅಭಿಪ್ರಾಯ. 'ಎಂಎಸ್ ವರ್ಡ್' ಮೇಲಿದ್ದು ಸೆಲೆನಿಯಂ ಕೆಳಗೆಲ್ಲೋ ಹೂತುಹೋಗಿದೆ, ಕ್ರಮ ಬದಲಿಸು.

ಫೋಟೊ ಮದುವೆ ಮನೆಯದು, ಚೆನ್ನಾಗಿದ್ದೀಯ, ಆದರೆ ಪಕ್ಕದವರ ಭುಜ ಅರ್ಧ ಕಾಣುತ್ತಿದೆ. ಕಿಟಕಿಗೆ ಮುಖ ಮಾಡಿ ನಿಂತು, ಖಾಲಿ ಗೋಡೆ ಹಿಂದೆ ಬರುವ ಹಾಗೆ ಯಾರಿಂದಲಾದರೂ ತೆಗೆಸಿಕೋ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಕನಿಷ್ಠ 400 ಇಂಟು 400 ಪಿಕ್ಸೆಲ್ ಇರಲಿ, ಮುಖ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ತುಂಬಲಿ. ಅದನ್ನು ದುಂಡಗೆ ಕತ್ತರಿಸಿ ತೋರಿಸುವುದರಿಂದ ತಲೆಯ ಮೇಲೆ ಸ್ವಲ್ಪ ಜಾಗ ಬಿಡು. ಫೋಟೊದ ಹಿಂದೆ ಕಾಣುವ ಅಗಲದ ಚಿತ್ರದ ಅಳತೆ 1584 ಇಂಟು 396 ಪಿಕ್ಸೆಲ್. ಎಡಗಡೆ ಕೆಳಭಾಗವನ್ನು ನಿನ್ನ ಫೋಟೊ ಮುಚ್ಚುತ್ತದೆ, ಅಲ್ಲಿ ಅಕ್ಷರ ಬೇಡ.

ಕೆಲಸಕ್ಕೆ ಸಿದ್ಧ (ಓಪನ್ ಟು ವರ್ಕ್) ಎಂಬ ಗುರುತಿನ ಬಗ್ಗೆ ಹುಷಾರು. ಫೋಟೊಗೆ ಅದರ ಹಸಿರು ಚೌಕಟ್ಟು ಹಾಕಿದರೆ ಈಗಿನ ಮ್ಯಾನೇಜರ್‌ಗೂ ಕಾಣುತ್ತದೆ. ನೇಮಕ ಮಾಡುವವರಿಗೆ ಮಾತ್ರ ಎಂಬ ಆಯ್ಕೆ ಬೇರೆ ಇದೆ, ಅದನ್ನೇ ಇಡು. ನಿನ್ನ ಕಂಪನಿಯವರಿಗೆ ಕಾಣದಂತೆ ಸೈಟ್ ಪ್ರಯತ್ನ ಮಾಡುತ್ತದೆ, ಪೂರ್ತಿ ಖಾತ್ರಿ ಕೊಡುವುದಿಲ್ಲ. ಅದಕ್ಕೇ ನೋಟಿಸ್ ಕೊಡುವವರೆಗೆ ಎಚ್ಚರ. ಕೆಲಸ ಕೊಡಿಸುತ್ತೇವೆಂದು ದುಡ್ಡು ಕೇಳುವವರು, ಎರಡೇ ಮಾತಿಗೆ ಬೇರೆ ಆ್ಯಪ್‌ಗೆ ಬಾ ಎನ್ನುವವರು ಬಂದರೆ ಉತ್ತರಿಸದೆ ದೂರು ಕೊಡು.

ಪ್ರೊಫೈಲ್‌ಗೆ ಜೊತೆಯವರ ಶಿಫಾರಸು ಕೇಳುವಾಗ ಬರೇ 'ಬರೆದುಕೊಡಿ ಸರ್' ಎಂದರೆ ಅವರಿಗೂ ಏನು ಬರೆಯಬೇಕೋ ತೋಚದೆ 'ಒಳ್ಳೆಯ ಹುಡುಗಿ' ಎಂದು ಮುಗಿಸುತ್ತಾರೆ. ಯಾವ ಕೆಲಸದ ಬಗ್ಗೆ ಬರೆದರೆ ಅನುಕೂಲ ಎಂದು ನೆನಪಿಸಿ ಕೇಳು. ನಿನ್ನ ಜೊತೆ ಹತ್ತಿರದಿಂದ ಕೆಲಸ ಮಾಡಿದ ಇಬ್ಬರದು ಬಂದರೆ ಸಾಕು.

ಎಲ್ಲ ಮುಗಿದ ಮೇಲೆ ಲಾಗ್ ಔಟ್ ಆಗಿ ನಿನ್ನ ಪ್ರೊಫೈಲ್‌ನ ಕೊಂಡಿಯನ್ನು ತೆರೆದು ನೋಡು, ಹೊರಗಿನವರಿಗೆ ಏನೇನು ಕಾಣುತ್ತದೆಂದು ಗೊತ್ತಾಗುತ್ತದೆ. ಆ ಕೊಂಡಿಯ ಕೊನೆಯಲ್ಲಿರುವ ಉದ್ದದ ಅಂಕಿಗಳನ್ನು ತೆಗೆದು ಹೆಸರಷ್ಟೇ ಉಳಿಸು. ಆಮೇಲೆ ಪ್ರೊಫೈಲನ್ನು ಪಿಡಿಎಫ್ ಆಗಿ ಉಳಿಸಿ ನನಗೆ ಕಳಿಸು ಪುಟ್ಟಿ. ಕಾಗುಣಿತದ ತಪ್ಪು, ತಾರೀಕಿನ ತಪ್ಪು ನಾನು ನೋಡುತ್ತೇನೆ.

ನಿನ್ನ
ಅಮ್ಮ